ಲಿನಕ್ಸ್ ಮಿಂಟ್‌ನಾಗ ಗೇಮ್ ಪ್ಲೇ ಒತ್ತಿದ್ರ ಎರಡ್ ಸೆಕೆಂಡಿಗೆ ವಾಪಸ್ ಬರ್ತದ, ಮತ್ತ ಡೌನ್‌ಲೋಡ್ ಮಾಡ್ಲಿಕ್ಕ ಡಾಟಾ ಇಲ್ಲ

ಕ್ಯಾಂಪ್_ಗೇಮರ್
ರಾತ್ರಿ 10:40

ಎಲ್ಲರಿಗೂ ನಮಸ್ಕಾರ್ರಿ. ನಾ ಸಿಂಧನೂರ್ ತಾಲೂಕಿನ ಒಂದ್ ಕ್ಯಾಂಪಿನಾಗ ಇರ್ತೀನಿ. ನನ್ನ ಲ್ಯಾಪ್‌ಟಾಪ್ 2017ರದು, ಐ5 7200ಯು, 8 ಜಿಬಿ ರ‍್ಯಾಮ್, ಎನ್‌ವಿಡಿಯಾ 940ಎಂಎಕ್ಸ್ 2 ಜಿಬಿ, 1 ಟಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10ಕ್ಕ ಅಪ್‌ಡೇಟ್ 2025 ಅಕ್ಟೋಬರ್ 14ಕ್ಕ ಮುಗೀತಲ್ಲ, 11 ಹಾಕಮ ಅಂದ್ರ ನನ್ನ ಪ್ರೊಸೆಸರ್ ಅದರ ಲಿಸ್ಟಿನಾಗೇ ಇಲ್ಲ, ಎಂಟನೇ ಜನರೇಷನ್‌ನಿಂದ ಮ್ಯಾಲ ಇರಬೇಕಂತ. ಒಂದ್ ನಂಬರ್ ಕಡಿಮಿ ಬಿತ್ತು ನೋಡ್ರಿ, ಪರೀಕ್ಷಾದಾಗ 34 ಬಂದಂಗ. ಅದಕ್ಕ ಗೆಳೆಯ ಒಬ್ಬ ಪೆನ್‌ಡ್ರೈವ್‌ನಾಗ ಲಿನಕ್ಸ್ ಮಿಂಟ್ 22 (ವಿಂಡೋಸ್‌ನಂಗ ಕಂಪ್ಯೂಟರ್ ನಡೆಸೋ ಇನ್ನೊಂದ್ ಸಿಸ್ಟಮ್) ತಂದು ವಿಂಡೋಸ್ ಬಾಜೂಕ ಹಾಕಿಕೊಟ್ಟು ಹೋದ. ಬ್ರೌಸರ್, ಆಫೀಸ್, ವಿಡಿಯೊ ಎಲ್ಲಾ ಚಲೋ ಅದ, ಮೊದಲಿಗಿಂತ ಫಾಸ್ಟೇ ಅದ ಅನ್ನಬೇಕು.

ತ್ರಾಸ ಏನಂದ್ರ ಗೇಮ್. ನನ್ನ ಸ್ಟೀಮ್ (ಗೇಮ್ ಕೊಂಡು ಇಳಿಸ್ಕೊಳ್ಳೋ ಆ್ಯಪ್) ಗೇಮ್ ಎಲ್ಲಾ ಡಿ ಡ್ರೈವ್‌ನಾಗ ಅವ, ವಿಂಡೋಸ್‌ನಾಗಿಂದ ಹಾಕಿದ್ದು, ಜಿಟಿಎ 5 ಒಂದೇ ನೂರ್ ಜಿಬಿ ಹತ್ರ ಅದ. ಮಿಂಟ್‌ನಾಗ ಸ್ಟೀಮ್ ಹಾಕಿ ನೋಡಿದ್ರ ಮೊದಲು ಡಿ ಡ್ರೈವ್ ಕಾಣಿಸ್ಲೇ ಇಲ್ಲ, ಆಮ್ಯಾಲ ಏನೇನೋ ಒತ್ತಿ ಕಾಣಿಸ್ತು, ಈಗ ಪ್ಲೇ ಒತ್ತಿದ್ರ ಬಟನ್ ಎರಡ್ ಸೆಕೆಂಡ್ ನೀಲಿ ಆಗ್ತದ, ರನ್ನಿಂಗ್ ಅಂತ ಬರ್ತದ, ಮತ್ತ ಹಸಿರ ಆಗಿ ಪ್ಲೇ ಅಂತ ಕುಂಡ್ರತದ. ಎರರ್ ಇಲ್ಲ ಏನಿಲ್ಲ. ಯೂಟ್ಯೂಬ್‌ನಾಗ ಕೇಳಿದ್ರ ಎಲ್ಲಾರೂ ಡಿಲೀಟ್ ಮಾಡಿ ಮತ್ತ ಇಳಿಸ್ಕೋ ಅಂತಾರ. ಅವರಿಗೇನ್ರಿ, ಫೈಬರ್ ಇರ್ತದ. ನಂದು ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕ ಒಂದೂವರಿ ಜಿಬಿ, ನೂರ್ ಜಿಬಿ ಇಳಿಸೋದ್ರಾಗ ಎರಡ್ ತಿಂಗಳು ಮ್ಯಾಲ ಹಿಡಿತದ, ಅಷ್ಟ್ರಾಗ ಭತ್ತದ ಒಂದ್ ಬೆಳಿ ಅರ್ಧಕ್ಕ ಬಂದಿರ್ತದ.

ಇದ್ದ ಫೈಲ್‌ನಾಗೇ ಆಡ್ಲಿಕ್ಕ ದಾರಿ ಅದ ಏನು? ಇಲ್ಲಾಂದ್ರ ಇಲ್ಲ ಅಂತ ಸೀದಾ ಹೇಳಿಬಿಡ್ರಿ, ಆಸೆ ಹಚ್ಚಬ್ಯಾಡ್ರಿ.

---

ಗಂಗಾವತಿ_ರಿಪೇರಿ
ರಾತ್ರಿ 11:15

ದಾರಿ ಐತಿ ತಮ್ಮಾ, ಮಕ್ಕೊ ಆರಾಮ. ನಾ ಇಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟೀನಿ, ದಿನಾ ರೈಸ್ ಮಿಲ್ ಆಫೀಸಿನ ಕಂಪ್ಯೂಟರ್‌ನಾಗಿಂದ ತವಡು ಜಾಡ್ಸೋದೇ ಕೆಲಸ, ರಾತ್ರಿ ಅಂಗಡಿ ಹಾಕಿದ ಮ್ಯಾಲ ನಾನೂ ಆಡ್ತೀನಿ, ಲಿನಕ್ಸ್‌ನಾಗೇ.

ನಿನಗ ಒಂದ್ ತ್ರಾಸಲ್ಲ, ಮೂರ್ನಾಕು ಒಂದರ ಮ್ಯಾಲ ಒಂದು ಕುಂತಾವು ಅಂತ ನನಗ ಅನಸಾಕತ್ತೈತಿ. ಮೊದಲು ಇಷ್ಟು ಹೇಳು. ಸ್ಟೀಮ್ ಎಲ್ಲಿಂದ ಹಾಕ್ದಿ? ಮಿಂಟಿನ ಸಾಫ್ಟ್‌ವೇರ್ ಮ್ಯಾನೇಜರ್‌ನಾಗ ಸ್ಟೀಮ್ ಎರಡ್ ನಮೂನಿ ಸಿಗತೈತಿ, ಒಂದು ಸಿಸ್ಟಮ್ ಪ್ಯಾಕೇಜ್, ಇನ್ನೊಂದು ಫ್ಲ್ಯಾಟ್‌ಪ್ಯಾಕ್. ಮೊದಲು ಡಿ ಡ್ರೈವ್ ಕಾಣ್ಲಿಲ್ಲ ಅಂದಿ ನೋಡು, ಅದಕ್ಕ ನನಗ ಡೌಟು, ಫ್ಲ್ಯಾಟ್‌ಪ್ಯಾಕ್ ಅಂದ್ರ ಅದನ್ನ ಒಂದು ಖೋಲಿಯೊಳಗ ಹಾಕಿ ಚಿಲಕ ಹಾಕಿರ್ತಾರ, ಹೊರಗಿನ ಡ್ರೈವ್ ನೋಡಬೇಕಂದ್ರ ಬ್ಯಾರೆ ಪರ್ಮಿಷನ್ ಕೊಡಬೇಕು. ಎರಡನೇದು, ಡ್ರೈವರ್ ಮ್ಯಾನೇಜರ್ ತೆಗೆದು ಎನ್‌ವಿಡಿಯಾ ಮುಂದ ಯಾವುದಕ್ಕ ಗುರ್ತ್ ಐತಿ ನೋಡು, ನೂವೋ ಅಂತ ಇದ್ರ ಗೇಮ್ ಮರ್ತುಬಿಡು. ಮೂರನೇದು, ವಿಂಡೋಸ್‌ನಾಗ ಫಾಸ್ಟ್ ಸ್ಟಾರ್ಟಪ್ ಆನ್ ಐತೋ ಇಲ್ಲೋ.

---

ಕ್ಯಾಂಪ್_ಗೇಮರ್
ರಾತ್ರಿ 11:32

ಅಣ್ಣಾ ನೀವು ಅಂಜನ ಹಾಕಿ ನೋಡ್ದಂಗ ಹೇಳೀರಿ. ಫ್ಲ್ಯಾಟ್‌ಪ್ಯಾಕೇ ಅದ. ಡ್ರೈವರ್ ನೂವೋ ಅಂತ ಅದ, ಅದರ ಮ್ಯಾಲ ಎನ್‌ವಿಡಿಯಾದ್ದು ರೆಕಮೆಂಡೆಡ್ ಅಂತ ಬರ್ದದ, ನಾ ಮುಟ್ಟಿಲ್ಲ, ಮುಟ್ಟಿದ್ರ ಸ್ಕ್ರೀನ್ ಕರ್ರಗ ಆಗ್ತದ ಅಂತ ಗೆಳೆಯ ಅಂಜಿಸಿ ಹೋಗ್ಯಾನ. ಫಾಸ್ಟ್ ಸ್ಟಾರ್ಟಪ್ ಅಂದ್ರೇನು ಅಂತ ಗೊತ್ತಿಲ್ರಿ, ಆದ್ರ ವಿಂಡೋಸ್ ಬಂದಾಗಿಂದ ಏನೂ ಬದಲಿ ಮಾಡಿಲ್ಲ.

---

ಬಳ್ಳಾರಿ_ಬಿಸಿಲು
ರಾತ್ರಿ 11:50

ಏನಪ ಇಷ್ಟೆಲ್ಲ ಒದ್ದಾಟ, ವಿಂಡೋಸ್ ಐತಲ್ಲ ಅದ್ರಾಗೆ ಆಡಿ ಮಲಕ್ಕೋ. ಗೇಮ್‌ಗೆ ವಿಂಡೋಸ್, ಮಿಕ್ಕಿದ್ದಕ್ಕೆ ಲಿನಕ್ಸ್, ನಾನ್ ಹಂಗೆ ಮಾಡೋದು. ಹಾಸ್ಟೆಲ್‌ನಾಗೆ ನಮ್ ಹುಡುಗ್ರೆಲ್ಲ ವ್ಯಾಲರಂಟ್ ಆಡ್ತಾರೆ, ಅದು ಲಿನಕ್ಸ್‌ನಾಗೆ ಇವತ್ತಿಗೂ ಇಲ್ಲ, ನಾಳೆನೂ ಬರಾಂಗಿಲ್ಲ. ಸುಮ್ನೆ ಹುಡುಗನ ಟೈಮ್ ತಿನ್ಬ್ಯಾಡ್ರಿ.

---

ಗಂಗಾವತಿ_ರಿಪೇರಿ
ಮುಂಜಾನಿ 7:05

ಬಳ್ಳಾರಿ ಸಾಹೇಬ್ರ ಮಾತಿನಾಗ ಅರ್ಧ ಖರೇ ಐತಿ, ಅದನ್ನ ಮೊದಲ ಮುಗಸ್ತೀನಿ. ವ್ಯಾಲರಂಟ್ ನಡ್ಯಂಗಿಲ್ಲ. ಅದರ ವ್ಯಾನ್‌ಗಾರ್ಡ್ ಅನ್ನೋ ಮೋಸ ಹಿಡಿಯೋ ಕಾವಲುಗಾರ ಕಂಪ್ಯೂಟರ್ ಚಾಲೂ ಆಗೂಮುಂದೇ ವಿಂಡೋಸ್ ಕರ್ನಲ್‌ನಾಗ (ಸಿಸ್ಟಮಿನ ತಿರುಳಿನಾಗ) ಹೋಗಿ ಕುಂಡ್ರತಾನ, ಲಿನಕ್ಸ್‌ನಾಗ ವಿಂಡೋಸ್ ಕರ್ನಲ್ಲೇ ಇಲ್ಲ, ಇನ್ನ ಎಲ್ಲಿ ಕುಂಡ್ರತಾನ. ಫೋರ್ಟ್‌ನೈಟ್ ಇಲ್ಲ, ಪಬ್ಜಿ ಪಿಸಿದೂ ಇಲ್ಲ. ಏಪೆಕ್ಸ್ ಲೆಜೆಂಡ್ಸ್ ಚಲೋ ನಡೀತಿತ್ತು, 2024ರ ಕೊನಿಗೆ ಅವರೇ ಲಿನಕ್ಸ್‌ನವರನ್ನ ಹೊರಗ ಹಾಕಿದ್ರು. ಈಜಿ ಆಂಟಿ ಚೀಟ್, ಬ್ಯಾಟಲ್ಐ ಅನ್ನೋ ಇಂಥವೇ ಕಾವಲುಗಾರ ಎರಡೂ 2021ರಾಗೇ ಪ್ರೋಟಾನ್‌ಗೆ (ವಿಂಡೋಸ್ ಗೇಮ್ ಲಿನಕ್ಸ್‌ನಾಗ ಓಡ್ಸೋ ಸಾಧನ) ಹೊಂದಿಕೊಂಡಾವು, ಆದ್ರ ಗೇಮ್ ಮಾಡಿದವ್ರು ಹೂಂ ಅಂತ ಸ್ವಿಚ್ ಹಾಕಬೇಕು, ಭಾಳ ಮಂದಿ ಹಾಕಂಗಿಲ್ಲ. ಜಿಟಿಎ ಆನ್‌ಲೈನ್‌ನೂ ಹಂಗೇ, 2024 ಸೆಪ್ಟೆಂಬರ್‌ನಾಗ ಬ್ಯಾಟಲ್ಐ ಹಚ್ಚಿದ್ರು, ಅವತ್ತಿಂದ ಲಿನಕ್ಸ್‌ನಾಗ ಆನ್‌ಲೈನ್ ಬಂದ್. ಸ್ಟೋರಿ ಮೋಡ್ ಆರಾಮ ನಡೀತೈತಿ. ಒಬ್ಬನೇ ಕುಂತು ಆಡೋ ಗೇಮ್‌ನಾಗ ನಡ್ಯಲಾರದ್ದು ಹುಡುಕಿದ್ರ ಸಿಗತೈತಿ, ಅಷ್ಟ. ಯಾವ ಗೇಮ್ ಹೆಂಗ ಅನ್ನೋದು ಪ್ರೋಟಾನ್‌ಡಿಬಿ ಸೈಟಿನಾಗ ಮಂದಿ ಬರದಿರ್ತಾರ, ಕೊಳ್ಳೂ ಮೊದಲ ಅಲ್ಲಿ ನೋಡೋದು ರೂಢಿ ಮಾಡ್ಕೋ.

ಈಗ ಕ್ಯಾಂಪ್ ತಮ್ಮಗ. ಡ್ರೈವರ್ ಮ್ಯಾನೇಜರ್‌ನಾಗ ರೆಕಮೆಂಡೆಡ್ ಅನ್ನೋದ್ನ ಆರಿಸಿ ಅಪ್ಲೈ ಕೊಡು, ರೀಸ್ಟಾರ್ಟ್ ಮಾಡು. ಅಂಜಬ್ಯಾಡ. ನೂವೋ ಅಂದ್ರ ಎನ್‌ವಿಡಿಯಾ ಹೊರಗಿನ ಮಂದಿ ತಾವೇ ತಿಳಕೊಂಡು ಬರದ ಡ್ರೈವರ್, ಸ್ಕ್ರೀನ್ ತೋರ್ಸಾಕ ಸಾಕು, ನಿನ್ನ ಕಾರ್ಡಿನ ಪೂರ್ತಿ ಸ್ಪೀಡ್ ಅದಕ್ಕ ಸಿಗಂಗಿಲ್ಲ. ಹೊಸ ಡ್ರೈವರ್ ಬಂದ ಮ್ಯಾಲ ಕೆಳಗ ಬಲಕ್ಕ ಎನ್‌ವಿಡಿಯಾ ಚಿತ್ರ ಬರತೈತಿ, ಅದ್ರಾಗ ಪರ್ಫಾರ್ಮೆನ್ಸ್ ಮೋಡ್ ಆರಿಸು, ಆಡೋದು ಮುಗದ ಮ್ಯಾಲ ಇಂಟೆಲ್‌ಗೆ ತಿರುಗಿಸು, ಇಲ್ಲಾಂದ್ರ ಸುಮ್ನೆ ಬಿಸಿ.

ಫ್ಲ್ಯಾಟ್‌ಪ್ಯಾಕ್ ತೆಗೆದು ಸಿಸ್ಟಮ್ ಪ್ಯಾಕೇಜಿನ ಸ್ಟೀಮ್ ಹಾಕು. ಟರ್ಮಿನಲ್‌ನಾಗ ಸುಡೋ ಆಪ್ಟ್ ಇನ್‌ಸ್ಟಾಲ್ ಸ್ಟೀಮ್ ಅಂದ್ರ ಬರತೈತಿ (ಕನ್ನಡದಾಗ ಟೈಪ್ ಮಾಡಿ ಬರವಲ್ದು ಅಂತ ಫೋನ್ ಹಚ್ಚಬ್ಯಾಡ, ಹೋದ ತಿಂಗಳ ಒಬ್ಬ ಹಚ್ಚಿದ್ದ).

ವಿಂಡೋಸ್‌ಗೆ ಹೋಗಿ ಕಂಟ್ರೋಲ್ ಪ್ಯಾನಲ್, ಪವರ್ ಆಪ್ಷನ್ಸ್, ಎಡಕ್ಕ ಪವರ್ ಬಟನ್ ಏನ್ ಮಾಡಬೇಕು ಅಂತ ಇರೋ ಲಿಂಕ್, ಅಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗಿ. ಅದು ಆನ್ ಇದ್ರ ನೀ ಶಟ್‌ಡೌನ್ ಕೊಟ್ರೂ ವಿಂಡೋಸ್ ಪೂರ್ತಿ ಮಕ್ಕೊಳ್ಳಂಗಿಲ್ಲ, ಒಂದ್ ಕಣ್ಣು ತಕ್ಕೊಂಡೇ ಇರತೈತಿ, ಡಿ ಡ್ರೈವ್ ಇನ್ನಾ ನಂದು ಅಂತ ಗುರ್ತ್ ಹಾಕಿ ಹೋಗಿರತೈತಿ. ಲಿನಕ್ಸ್ ಬಂದು ಆ ಗುರ್ತ್ ನೋಡಿ, ಬ್ಯಾರೆಯವ್ರ ಮನಿ ಅಂತ ಓದಾಕಷ್ಟ ಬಿಡತೈತಿ, ಬರ್ಯಾಕ ಬಿಡಂಗಿಲ್ಲ. ಗೇಮ್‌ಗೆ ಬರ್ಯಾಕ ಜಾಗ ಇಲ್ಲಾಂದ್ರ ಅದು ಎಲ್ಲಿ ಓಡತೈತಿ.

---

ಕ್ಯಾಂಪ್_ಗೇಮರ್
ಸಂಜಿ 6:20

ಮೂರೂ ಮಾಡ್ದೆ. ಸ್ಕ್ರೀನ್ ಕರ್ರಗ ಆಗ್ಲಿಲ್ಲ, ಗೆಳೆಯನ್ನ ಬೈದೆ. ಡ್ರೈವರ್‌ಗೇ ಇವತ್ತಿನ ಡಾಟಾ ಹೋತು, ಅಪ್ಪನ ಫೋನಿನ ಡಾಟಾ ತಗೊಂಡು ಸ್ಟೀಮ್ ಹಾಕ್ದೆ. ಈಗ ಡಿ ಡ್ರೈವ್ ಸೀದಾ ಕಾಣ್ತದ, ಗೇಮ್ ಇನ್‌ಸ್ಟಾಲ್ಡ್ ಅಂತಾನೂ ತೋರಿಸ್ತದ. ಪ್ಲೇ ಒತ್ತಿದ್ರ ಪ್ರೋಟಾನ್ ಅಂತ ಏನೋ ಇಳಸ್ಕೊಳ್ಳಿಕತ್ತದ, ಅದು ಬ್ಯಾರೆ ಡಾಟಾ! ಅದು ಮುಗದ ಮ್ಯಾಲ ಒತ್ತಿದೆ, ಮತ್ತ ಅದೇ ಹಾಡು, ಎರಡ್ ಸೆಕೆಂಡಿನ ಬದಲಿ ಐದ್ ಸೆಕೆಂಡ್ ಆಗ್ಯದ ಅಷ್ಟ.

ಒಂದ್ ಕೇಳ್ಲಾ, ಈ ಪ್ರೋಟಾನ್ ಅಂದ್ರ ಏನು? ವೈನ್ ಅಂತ ಒಬ್ಬರು, ಪ್ರೋಟಾನ್ ಅಂತ ಒಬ್ಬರು, ಡಿಎಕ್ಸ್ ಏನೋ ಅಂತ ಇನ್ನೊಬ್ಬರು, ತಲಿ ಕೆಟ್ಟು ಹೋಗ್ಯದ.

---

ಶಕ್ತಿನಗರ_ಬಿಟ್ಟವ
ರಾತ್ರಿ 8:10

ನಾನೂ ರಾಯಚೂರಿನವನೇ ಮಾರಾಯ, ಕೆಲಸಕ್ಕ ಬೆಂಗಳೂರಿಗೆ ಬಂದು ಕುಂತೀನಿ. ನಮ್ಮೂರ ಮಂದಿ ಲಿನಕ್ಸ್‌ನಾಗ ಗೇಮ್ ಆಡ್ಲಿಕತ್ತದ್ದು ನೋಡಿ ಖುಷಿ ಆತು, ಹೇಳ್ತೀನಿ ಕೇಳು.

ನಿಮ್ಮ ಕ್ಯಾಂಪಿನಾಗ ತೆಲುಗು ಮಂದಿ ಇರ್ತಾರಲ್ಲ. ಎಪಿಎಂಸಿಗೆ ಒಬ್ಬ ತೆಲುಗು ರೈತ ಬರ್ತಾನ, ಅವನಿಗೆ ಕನ್ನಡ ಬರಂಗಿಲ್ಲ, ಖರೀದಿ ಸೇಟ್‌ಗೆ ತೆಲುಗು ಬರಂಗಿಲ್ಲ, ನಡುವ ದಲ್ಲಾಳಿ ನಿಂತಿರ್ತಾನ. ರೈತ ಎಂತ ಅಂದ್ರ ದಲ್ಲಾಳಿ ಎಷ್ಟು ಅಂತಾನ. ಗೇಮ್ ಅಂದ್ರ ಆ ರೈತ, ವಿಂಡೋಸ್ ಭಾಷಾದಾಗ ಫೈಲ್ ತೆಗಿ, ಕಿಟಕಿ ಹಾಕು ಅಂತ ಕೇಳ್ತಾನ. ವೈನ್ ಆ ದಲ್ಲಾಳಿ, 1993ರಿಂದ ಅದೇ ಕಸುಬು ಮಾಡ್ಲಿಕತ್ತದ. ಪೂರ್ತಿ ವಿಂಡೋಸ್ ತಂದು ಒಳಗ ಓಡಿಸೋದಲ್ಲ ಅದು, ಮಾತು ತಿರುಗಿಸೋದಷ್ಟ, ಅದಕ್ಕೇ ಸ್ಪೀಡ್ ಭಾಳ ಕಡಿಮಿ ಆಗಂಗಿಲ್ಲ. ಆದ್ರ ಈ ದಲ್ಲಾಳಿಗೆ ಮೊದ್ಲಿಂದ ಒಂದ್ ಕಮಿ ಇತ್ತು, ಗ್ರಾಫಿಕ್ಸ್ ಮಾತು ಬಂದ್ರ ತೊದಲ್ತಿದ್ದ. ವಿಂಡೋಸ್ ಗೇಮ್‌ನವು ಡೈರೆಕ್ಟ್ಎಕ್ಸ್‌ನಾಗ ಮಾತಾಡ್ತಾವ, ಅದನ್ನ ಹಳೇ ಓಪನ್‌ಜಿಎಲ್‌ಗೆ ತಿರುಗಿಸೋದು ನಿಧಾನ. ಆಮ್ಯಾಲ ಫಿಲಿಪ್ ರೆಬೋಲೆ ಅನ್ನೋನು ತಾ ಆಡೋ ಒಂದ್ ಗೇಮ್ ಲಿನಕ್ಸ್‌ನಾಗ ನಡೀವಲ್ದು ಅಂತ ಡಿಎಕ್ಸ್‌ವಿಕೆ ಬರ್ದ, ಡೈರೆಕ್ಟ್ಎಕ್ಸ್ ಮಾತನ್ನ ವಲ್ಕನ್ ಅನ್ನೋ ಹೊಸ ಗ್ರಾಫಿಕ್ಸ್ ಭಾಷಾಕ್ಕ ತಿರುಗಿಸೋದು. ಸ್ಟೀಮ್ ನಡೆಸೋ ವಾಲ್ವ್‌ನವ್ರು ವೈನ್, ಡಿಎಕ್ಸ್‌ವಿಕೆ, ಡೈರೆಕ್ಟ್ಎಕ್ಸ್ 12ಕ್ಕ ವಿಕೆಡಿ3ಡಿ ಇವೆಲ್ಲ ಒಂದ್ ಗಂಟು ಕಟ್ಟಿ 2018 ಆಗಸ್ಟ್‌ನಾಗ ಪ್ರೋಟಾನ್ ಅಂತ ಬಿಟ್ರು. 2022ರಾಗ ಸ್ಟೀಮ್ ಡೆಕ್ ಅಂತ ಕೈಯಾಗ ಹಿಡಿಯೋ ಮಷಿನ್ ಬಂತಲ್ಲ, ಅದು ಒಳಗ ಲಿನಕ್ಸೇ, ಅದು ಬಂದ ಮ್ಯಾಲ ಗೇಮ್ ಮಾಡೋ ಕಂಪನಿಗಳೂ ಪ್ರೋಟಾನ್ ಮ್ಯಾಲ ಟೆಸ್ಟ್ ಮಾಡ್ಲಿಕತ್ತವು.

ಈಗ ನಿನ್ನ ಐದ್ ಸೆಕೆಂಡಿನ ಕಥಿ. ನನ್ನ ಪ್ರಕಾರ ಇದು ಗೇಮ್ ತಪ್ಪೂ ಅಲ್ಲ ಪ್ರೋಟಾನ್ ತಪ್ಪೂ ಅಲ್ಲ, ಡಿ ಡ್ರೈವ್‌ದು. ಪ್ರೋಟಾನ್ ಪ್ರತಿ ಗೇಮ್‌ಗೂ ಒಂದ್ ಸುಳ್ಳು ವಿಂಡೋಸ್ ಮನಿ ಕಟ್ತದ, ಸ್ಟೀಮ್ಆ್ಯಪ್ಸ್ ಒಳಗ ಕಂಪ್ಯಾಟ್‌ಡಾಟಾ ಅಂತ ಫೋಲ್ಡರ್ ಇರ್ತದ ನೋಡು, ಅದ್ರಾಗ. ಆ ಮನಿಯೊಳಗ ಸಿ ಡ್ರೈವ್, ಝಡ್ ಡ್ರೈವ್ ಅಂತ ತೋರ್ಸ್‌ಬೇಕಲ್ಲ, ಅದಕ್ಕ ಸಿ ಮುಂದ ಎರಡ್ ಚುಕ್ಕಿ (ಕೋಲನ್) ಇಟ್ಟು ಆ ಹೆಸರಿಂದೇ ಫೈಲ್ ಮಾಡ್ತದ. ಲಿನಕ್ಸ್ ಡಿಸ್ಕ್‌ನಾಗ ಫೈಲ್ ಇಡೋ ಪದ್ಧತಿ ಎಕ್ಸ್ಟ್4, ಅದ್ರಾಗ ಹೆಸರಿನಾಗ ಎರಡ್ ಚುಕ್ಕಿ ಇದ್ರ ಏನೂ ತಕರಾರಿಲ್ಲ. ನಿನ್ನ ಡಿ ಡ್ರೈವ್ ಎನ್‌ಟಿಎಫ್‌ಎಸ್, ಅಂದ್ರ ವಿಂಡೋಸಿನ ಪದ್ಧತಿ, ವಿಂಡೋಸ್‌ನಾಗ ಫೈಲ್ ಹೆಸರಿಗೆ ಆ ಚುಕ್ಕಿ ನಿಷಿದ್ಧ. ಒಂದೋ ಮಾಡ್ಲಿಕ್ಕೇ ಬಿಡಂಗಿಲ್ಲ, ಬಿಟ್ರೂ ನಾಳಿ ವಿಂಡೋಸ್ ಚೆಕ್ ಡಿಸ್ಕ್ ಓಡಿಸಿ ಇದೇನೋ ಕಸ ಅಂತ ಕಿತ್ತು ಒಗೀತದ. ವಿಚಿತ್ರ ನೋಡು, ವಿಂಡೋಸ್‌ನಂಗ ವೇಷ ಹಾಕ್ಲಿಕ್ಕ ವಿಂಡೋಸಿನ ಡಿಸ್ಕೇ ಅಡ್ಡ ಬರ್ತದ.

ಪರಿಹಾರ: ಗೇಮ್ ಡಿ ಡ್ರೈವ್‌ನಾಗೇ ಇರ್ಲಿ, ಕಂಪ್ಯಾಟ್‌ಡಾಟಾ ಮಾತ್ರ ಲಿನಕ್ಸ್ ಕಡಿ ತರೋದು. ಸ್ಟೀಮ್ ಪೂರ್ತಿ ಬಂದ್ ಮಾಡು. ಡಿ ಡ್ರೈವ್‌ನಾಗಿನ ಸ್ಟೀಮ್ಆ್ಯಪ್ಸ್ ಒಳಗ ಕಂಪ್ಯಾಟ್‌ಡಾಟಾ ಇದ್ರ ತೆಗಿ (ಗೇಮ್ ಇನ್ನಾ ಒಮ್ಮಿನೂ ನಡ್ದಿಲ್ಲ, ಅಂದ್ರ ಅದ್ರಾಗ ಸೇವ್ ಫೈಲ್ ಇಲ್ಲ, ಅಂಜಬ್ಯಾಡ). ಆಮ್ಯಾಲ ನಿನ್ನ ಹೋಮ್‌ನಾಗಿನ ಸ್ಟೀಮ್ ಫೋಲ್ಡರ್ ಒಳಗ ಕಂಪ್ಯಾಟ್‌ಡಾಟಾ ಇರ್ತದ, ಇಲ್ಲಾಂದ್ರ ಮಾಡು, ಅದಕ್ಕ ಎಲ್ಎನ್ ಮೈನಸ್ ಎಸ್ ಕಮಾಂಡ್ ಕೊಟ್ಟು ಡಿ ಡ್ರೈವ್‌ನಾಗ ಅದೇ ಜಾಗಕ್ಕ ಲಿಂಕ್ ಹಾಕು, ಮೊದಲು ಲಿನಕ್ಸ್ ಕಡಿ ಫೋಲ್ಡರ್, ಆಮ್ಯಾಲ ಡಿ ಡ್ರೈವ್ ಜಾಗ, ಉಲ್ಟಾ ಮಾಡಬ್ಯಾಡ. ಸ್ಟೀಮ್‌ಗೆ ಅದು ಡಿ ಡ್ರೈವ್‌ನಾಗೇ ಅದ ಅನ್ನಿಸ್ತದ, ಖರೇ ಬರಿಯೋದು ಲಿನಕ್ಸ್ ಕಡಿ.

ಇನ್ನೊಂದು. ಡಿ ಡ್ರೈವ್ ನೀ ಫೈಲ್ ಮ್ಯಾನೇಜರ್‌ನಾಗ ಕ್ಲಿಕ್ ಮಾಡಿದ್ರಷ್ಟ ತೆರ್ಕೊಳ್ತದ, ಅದರ ಮೊದಲ ಸ್ಟೀಮ್ ಚಾಲೂ ಆದ್ರ ಗೇಮ್ ಎಲ್ಲಾ ಮಾಯ ಅನ್ನಿಸ್ತದ. ಡಿಸ್ಕ್ಸ್ ಅನ್ನೋ ಆ್ಯಪ್‌ನಾಗ ಮೌಂಟ್ ಅಟ್ ಸಿಸ್ಟಮ್ ಸ್ಟಾರ್ಟಪ್ ಅಂತ ಹಾಕಿಬಿಡು. ಸ್ಟೀಮ್ ಸೆಟ್ಟಿಂಗ್ಸ್‌ನಾಗ ಶೇಡರ್ ಪ್ರೀ ಕ್ಯಾಶಿಂಗ್ (ಗ್ರಾಫಿಕ್ಸ್ ಫೈಲ್ ಮೊದಲೇ ಇಳಿಸಿಡೋದು) ಬಂದ್ ಮಾಡು, ಅದು ನಿನಗ ಗೊತ್ತಿಲ್ದಂಗ ದಿನಾ ಡಾಟಾ ಕುಡಿತದ. ಬಂದ್ ಮಾಡಿದ್ರ ಗೇಮ್ ಮೊದಲ ಅರ್ಧ ತಾಸು ಅಲ್ಲಲ್ಲಿ ಜರ್ಕ್ ಹೊಡಿತದ, ಆಮ್ಯಾಲ ಸರಿ ಆಗ್ತದ.

---

ಗಂಗಾವತಿ_ರಿಪೇರಿ
ರಾತ್ರಿ 8:45

ಲಿಂಕ್ ಹಾಕೋದು ನಡೀತೈತಿ, ಇಲ್ಲ ಅನ್ನಂಗಿಲ್ಲ. ಆದ್ರ ನನಗ ಅದು ತ್ಯಾಪಿ ಹಚ್ಚಿದಂಗ. ವಾಲ್ವ್‌ನವ್ರೇ ಎನ್‌ಟಿಎಫ್‌ಎಸ್ ಮ್ಯಾಲ ಗೇಮ್ ಇಡಬ್ಯಾಡ್ರಿ ಅಂತಾರ. ವಿಂಡೋಸ್‌ನಾಗ ಹೋಗಿ ಡಿ ಡ್ರೈವ್ 200 ಜಿಬಿ ಸಣ್ಣದು ಮಾಡು, ಮಿಂಟ್‌ನಾಗ ಆ ಜಾಗ ಎಕ್ಸ್ಟ್4 ಮಾಡು, ಗೇಮ್ ಕಾಪಿ ಹೊಡಿ, ಸ್ಟೀಮ್‌ನಾಗ ಹೊಸ ಲೈಬ್ರರಿ ತೋರ್ಸು. ಒಂದ್ ಸಲ ಕಷ್ಟ, ಆಮ್ಯಾಲ ಆರಾಮ.

---

ಕ್ಯಾಂಪ್_ಗೇಮರ್
ರಾತ್ರಿ 9:00

ಅಣ್ಣಾ ನೀವು ಹೇಳೋದೇ ಸರಿ ಅನ್ಸ್ತದ ಖರೆ, ಆದ್ರ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷ ಆತು, ಚಾರ್ಜರ್ ತೆಗದ್ರ ಗಪ್ ಅಂತ ಆರ್ತದ. ನಮ್ಮಲ್ಲಿ ಕರೆಂಟ್ ಯಾವಾಗ ಹೋಗ್ತದ ಯಾವಾಗ ಬರ್ತದ ದೇವ್ರಿಗೇ ಗೊತ್ತು, ಡಿ ಡ್ರೈವ್ ಅರ್ಧ ಸಣ್ಣದಾದಾಗ ಹೋದ್ರ?

---

ಗಂಗಾವತಿ_ರಿಪೇರಿ
ರಾತ್ರಿ 9:04

ಹಂಗಾರ ಬ್ಯಾಡ. ಬ್ಯಾಟರಿ ಇಲ್ದ ಪಾರ್ಟಿಷನ್ ಮುಟ್ಟಬ್ಯಾಡ. ಶಕ್ತಿನಗರದವ್ರು ಹೇಳಿದ್ದೇ ಮಾಡು. ಒಂದಿನ ಬಸ್ ಹತ್ತಿ ಅಂಗಡಿಗೆ ಬಾ, ಇನ್ವರ್ಟರ್ ಮ್ಯಾಲ ಇಟ್ಟು ಮಾಡಿ ಕೊಡ್ತೀನಿ, ಚಹಾ ನಂದು.

---

ಶಕ್ತಿನಗರ_ಬಿಟ್ಟವ
ರಾತ್ರಿ 9:10

ಊರಾಗೇ ಅಷ್ಟ್ ದೊಡ್ಡ ಥರ್ಮಲ್ ಸ್ಟೇಷನ್ ಇಟ್ಕೊಂಡು ಜಿಲ್ಲಾಕ್ಕ ಕರೆಂಟ್ ಇಲ್ಲ ಅನ್ನೋ ಮಾತು ನಾ ಸಣ್ಣಾವಿದ್ದಾಗಿಂದ ಕೇಳ್ಲಿಕತ್ತೀನಿ, ಚಿಮಣಿ ಹೊಗಿ ನೋಡ್ತ ಮೇಣಬತ್ತಿಯಾಗ ಓದಿದವ ನಾನು. ಇರ್ಲಿ ಬಿಡು, ಲಿಂಕ್ ಹಾಕಿ ಹೇಳು.

---

ಬಳ್ಳಾರಿ_ಬಿಸಿಲು
ರಾತ್ರಿ 9:30

ನಿನ್ನೆ ಜೋರು ಮಾತಾಡಿದ್ದೆ, ಬೇಜಾರ್ ಆಗ್ಬ್ಯಾಡ್ರಿ. ದಲ್ಲಾಳಿ ಕಥೆ ಓದಿ ನನಗೂ ತಲೇಲಿ ಹುಳ ಬಿಟ್ಟಂಗಾಗೈತೆ. ಮನೇಲಿ ಒಂದು ಹಳೇ ಡೆಸ್ಕ್‌ಟಾಪ್ ಐತೆ, ಜಿಟಿ 710 ಕಾರ್ಡ್, ಹೋದ ವರ್ಷ ಅದಕ್ಕೂ ಮಿಂಟ್ ಹಾಕಿದ್ದೆ, ಗೇಮ್ ಹಾಕಿದ್ರೆ ವಲ್ಕನ್ ಇಲ್ಲ ಅಂತ ಏನೋ ಬೈತು, ಅವತ್ತೇ ಲಿನಕ್ಸ್‌ಗೆ ಕೈ ಮುಗ್ದೆ. ಅದಕ್ಕೇನಾರ ಮಾಡ್ಬೋದಾ? ದೊಡ್ಡ ಗೇಮ್ ಬ್ಯಾಡ, ಹಳೇವು ಸಾಕು.

---

ಶಕ್ತಿನಗರ_ಬಿಟ್ಟವ
ರಾತ್ರಿ 9:52

710 ಅಂದ್ರ ಕೆಪ್ಲರ್ ಅನ್ನೋ ಹಳೇ ಪೀಳಿಗಿ ಕಾರ್ಡ್, ಎನ್‌ವಿಡಿಯಾ ಅದಕ್ಕ 470 ಡ್ರೈವರ್‌ಗೇ ಕೈ ಬಿಟ್ಟದ. ಆ ಡ್ರೈವರ್‌ನಾಗ ವಲ್ಕನ್ 1.2 ತನಕ ಅಷ್ಟ. ಡಿಎಕ್ಸ್‌ವಿಕೆ 2.0 2022 ನವೆಂಬರ್‌ನಾಗ ಬಂತು, ಅವತ್ತಿಂದ ಅದಕ್ಕ ವಲ್ಕನ್ 1.3 ಬೇಕೇ ಬೇಕು. ಪ್ರೋಟಾನ್ 8ರಿಂದ ಮುಂದಿನವು ಎಲ್ಲಾ ಅದೇ ಹೊಸಾದು ಹಾಕ್ಕೊಂಡಾವ. ಅದಕ್ಕೇ ಬೈದದ್ದು, ನಿಮ್ಮ ತಪ್ಪಿಲ್ಲ. 470 ಡ್ರೈವರ್ ಹಾಕ್ರಿ, ಸ್ಟೀಮ್‌ನಾಗ ಗೇಮ್ ಮ್ಯಾಲ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಒಳಗ ಪ್ರೋಟಾನ್ 7 ಇಲ್ಲಾ 6.3 ಆರಸ್ರಿ. ಡೈರೆಕ್ಟ್ಎಕ್ಸ್ 9 ಮತ್ತ 11ರ ಹಳೇ ಗೇಮ್ ನಡೀತಾವ, 12ರದ್ದು ಆಸೆ ಬಿಡ್ರಿ. ಲಿನಕ್ಸ್ ಹಳೇ ಕಂಪ್ಯೂಟರ್‌ನಾಗ ಚಲೋ ನಡೀತದ ಅಂತಾರಲ್ಲ, ಅದು ಬ್ರೌಸರ್‌ಗೆ ಖರೇ, ಗೇಮ್‌ಗೆ ಅಷ್ಟು ಖರೇ ಅಲ್ಲ. ಕ್ಯಾಂಪ್ ತಮ್ಮನ 940ಎಂಎಕ್ಸ್ ಅದರ ಮುಂದಿನ ಪೀಳಿಗಿ ಮ್ಯಾಕ್ಸ್‌ವೆಲ್, ಅದಕ್ಕ ವಲ್ಕನ್ 1.3 ಅದ, ಆದ್ರ ಅದಕ್ಕೂ 580 ಡ್ರೈವರೇ ಕೊನೀದು ಅಂತ ಎನ್‌ವಿಡಿಯಾ ಹೇಳ್ಯದ, ಮುಂದ ಅದರ ಪಾಳಿ.

---

ಕ್ಯಾಂಪ್_ಗೇಮರ್
ಮರುದಿನ ರಾತ್ರಿ 10:15

ನಡೀತು!!! ನಡೀತು ರೀ!!!

ಲಿಂಕ್ ಹಾಕುವಾಗ ಮೊದಲ ಸಲ ಉಲ್ಟಾ ಹಾಕ್ದೆ (ಹೇಳಿದ್ರೂ), ಎರಡನೇ ಸಲ ಸರಿ ಹಾಕ್ದೆ. ಪ್ಲೇ ಒತ್ತಿದೆ, ಐದ್ ಸೆಕೆಂಡ್ ಆತು, ಹತ್ತಾತು, ಮತ್ತ ಹೋತು ಅನ್ಕೊಂಡೆ, ಆಗ ಒಂದ್ ಸಣ್ಣ ಕಿಟಕಿ ಬಂತು, ಗೇಮಿನ ಲಾಂಚರ್‌ದು, ಅದು ತನ್ನಷ್ಟಕ್ಕ ತಾನು ಏನೋ ಇಳಸ್ಕೊಂಡು ಲಾಗಿನ್ ಕೇಳ್ತು, ಆಮ್ಯಾಲ ಗೇಮ್. ಲೆಗಸಿ ಅಂತ ಇರೋ ಹಳೇದನ್ನೇ ಆರ್ಸಿದ್ದೆ, 2025ರಾಗ ಬಂದ ಎನ್‌ಹ್ಯಾನ್ಸ್ಡ್ ನನ್ನ ಡಬ್ಬಿಗೆ ಅಲ್ಲ. 720ಪಿ, ಎಲ್ಲಾ ಲೋ ಇಟ್ಟು 35ರಿಂದ 40 ಎಫ್‌ಪಿಎಸ್ (ಸೆಕೆಂಡಿಗೆ ಅಷ್ಟು ಚಿತ್ರ) ಬರ್ಲಿಕತ್ತದ, ವಿಂಡೋಸ್‌ನಾಗ ಇದಕ್ಕಿಂತ ಒಂದ್ ನಾಕೈದು ಜಾಸ್ತಿ ಬರ್ತಿತ್ತು, ನಡೀತದ ಬಿಡು. ಹಳೇ ಸೇವ್‌ನೂ ಕ್ಲೌಡ್‌ನಿಂದ ಬಂತು.

ಆದ್ರ ಬಿಸಿ ಭಾಳ. ಹೊರಗ ಮಧ್ಯಾಹ್ನ 42 ಡಿಗ್ರಿ ಇರ್ತದ, ಮ್ಯಾಲ ಶೀಟಿನ ಮನಿ. ಬಿಸಿ, ಎಫ್‌ಪಿಎಸ್ ತೋರ್ಸೋ ಮ್ಯಾಂಗೋಹಡ್ ಅಂತ ಹಾಕಿ ನೋಡಿದ್ರ ಪ್ರೊಸೆಸರ್ 90 ದಾಟ್ತದ, ದಾಟಿದ ಕೂಡ್ಲೇ ಎಫ್‌ಪಿಎಸ್ 20ಕ್ಕ ಬೀಳ್ತದ. ಲಿನಕ್ಸ್‌ನಿಂದಾನ?

ಇನ್ನೊಂದು, ತಮ್ಮ ಬಾಜೂಕ ಕುಂತು ಕ್ರಿಕೆಟ್ 07 ಹಾಕಿಕೊಡು ಅಂತ ಜೀವ ತಿನ್ಲಿಕತ್ತಾನ. ಅದು ಸ್ಟೀಮ್‌ನಾಗ ಇಲ್ಲ. ಅದರ ಸಿಡಿ ಮಾವನ ಮನ್ಯಾಗ ಸಿಕ್ಕದ, ಫೋಲ್ಡರ್ ಕಾಪಿ ಮಾಡ್ಕೊಂಡು ಬಂದೀನಿ.

---

ಗಂಗಾವತಿ_ರಿಪೇರಿ
ರಾತ್ರಿ 10:31

ಶಭಾಷ್ ಲೇ. ಬಿಸಿ ಲಿನಕ್ಸ್‌ದಲ್ಲ, ಫ್ಯಾನ್‌ದು. 2017ರಿಂದ ಒಮ್ಮೆರ ಬಿಚ್ಚಿಸಿಯೋ ಇಲ್ಲೋ? ಒಳಗ ಒಂದ್ ಕಂಬಳಿ ಕುಂತಿರತೈತಿ, ಬರದು ಕೊಡ್ತೀನಿ. ಮೊನ್ನೆ ಒಂದ್ ಮಿಲ್ಲಿನ ಲ್ಯಾಪ್‌ಟಾಪ್ ಬಿಚ್ಚಿದ್ರ ಫ್ಯಾನ್ ಸಂದಿಯಾಗ ತವಡಿನ ರೊಟ್ಟಿ ಆಗಿತ್ತು, ಬೇಕಿದ್ರ ಎಮ್ಮಿಗೆ ಹಾಕಬೌದಿತ್ತು. ಬಿಚ್ಚಿ ಜಾಡ್ಸಿ ಥರ್ಮಲ್ ಪೇಸ್ಟ್ ಹಚ್ಚಿಸು. ಅಲ್ಲೀತನಕ ಗೇಮ್ ಸೆಟ್ಟಿಂಗ್‌ನಾಗ ವಿಸಿಂಕ್ ಅರ್ಧಕ್ಕ ಇಟ್ಟು ಎಫ್‌ಪಿಎಸ್ 30ಕ್ಕ ಕಟ್ಟಿಹಾಕು, ಮತ್ತ ಮಧ್ಯಾಹ್ನ ಆಡಬ್ಯಾಡ, ನಸಿಕ್ಲೆ ಆಡು.

---

ಬಳ್ಳಾರಿ_ಬಿಸಿಲು
ರಾತ್ರಿ 10:48

ಕ್ರಿಕೆಟ್ 07 ನಾನ್ ಹೇಳ್ತೀನಿ, ಇದ್ರಾಗೆ ನಾನ್ ಪಿಎಚ್‌ಡಿ. ನಿನ್ನೆ ಆ 710 ಡೆಸ್ಕ್‌ಟಾಪ್‌ನಾಗೆ ಮೊದಲು ಹಾಕಿದ್ದೇ ಅದನ್ನ, ಓಡ್ತು.

ಸ್ಟೀಮ್‌ನಾಗೆ ಕೆಳಗಡೆ ಎಡಕ್ಕೆ ಆ್ಯಡ್ ಎ ಗೇಮ್ ಐತಲ್ಲ, ಅದ್ರಾಗೆ ನಾನ್ ಸ್ಟೀಮ್ ಗೇಮ್ ಅಂತ ಕೊಟ್ಟು ಸೆಟಪ್ ಫೈಲ್ ತೋರ್ಸು. ಅದರ ಪ್ರಾಪರ್ಟೀಸ್‌ಗೆ ಹೋಗಿ ಕಂಪ್ಯಾಟಿಬಿಲಿಟಿನಾಗೆ ಪ್ರೋಟಾನ್ ಆರ್ಸು, ಇದನ್ನ ಮರೆತ್ರೆ ಏನೂ ಆಗಲ್ಲ. ಪ್ಲೇ ಒತ್ತಿದ್ರೆ ಇನ್‌ಸ್ಟಾಲರ್ ಬರ್ತೈತೆ, ನೆಕ್ಸ್ಟ್ ನೆಕ್ಸ್ಟ್ ಹೊಡಿ. ಈಗ ಎಲ್ರೂ ಎಡವೋ ಜಾಗ ಹೇಳ್ತೀನಿ, ಇನ್‌ಸ್ಟಾಲ್ ಆದ್ಮೇಲೆ ಇನ್ನೊಂದ್ ಸಲ ಹೊಸದಾಗಿ ಆ್ಯಡ್ ಮಾಡ್ಬ್ಯಾಡ, ಮಾಡಿದ್ರೆ ಸ್ಟೀಮ್ ಅದಕ್ಕೆ ಬೇರೆ ಸುಳ್ಳು ಮನೆ ಕಟ್ತೈತೆ, ಹಳೇ ಮನೆನಾಗೆ ಹಾಕಿದ್ದು ಹೊಸ ಮನೆಗೆ ಗೊತ್ತಿರಲ್ಲ. ಅದೇ ಐಟಂ ಪ್ರಾಪರ್ಟೀಸ್‌ಗೆ ಹೋಗಿ ಟಾರ್ಗೆಟ್ ಜಾಗದಾಗೆ ಸೆಟಪ್ ತೆಗ್ದು ಗೇಮಿನ ಫೈಲ್ ದಾರಿ ಹಾಕು, ಕಂಪ್ಯಾಟ್‌ಡಾಟಾ ಒಳಗೆ ಒಂದು ಉದ್ದ ನಂಬರಿನ ಫೋಲ್ಡರ್, ಅದ್ರಾಗೆ ಪಿಎಫ್ಎಕ್ಸ್, ಅದ್ರಾಗೆ ಡ್ರೈವ್ ಸಿ, ಪ್ರೋಗ್ರಾಮ್ ಫೈಲ್ಸ್, ಹಂಗೆ ಹೋಗ್ತೈತೆ. ಯಾವ ನಂಬರು ಅಂತ ಗೊತ್ತಾಗ್ಲಿಲ್ಲಾಂದ್ರೆ ಡೇಟ್ ಪ್ರಕಾರ ಜೋಡಿಸಿ ನೋಡು, ಹೊಸದೇ ಅದು.

ನನಗೆ ಸ್ಕ್ರೀನ್ ಒಂದ್ ಮೂಲೆಗೆ ಹೋಗಿ ಕುಂತಿತ್ತು, ಗೇಮ್ 2006ದು, ಅವಾಗ ಎಲ್ಲಾ ಚೌಕ ಮಾನಿಟರ್. ಅದಕ್ಕೆ ವೈನ್ ಸೆಟ್ಟಿಂಗ್‌ನಾಗೆ ಗ್ರಾಫಿಕ್ಸ್ ಒಳಗೆ ವರ್ಚುವಲ್ ಡೆಸ್ಕ್‌ಟಾಪ್ ಟಿಕ್ ಹಾಕಿ 1024 ಇಂಟು 768 ಕೊಟ್ಟೆ, ಸರಿಹೋಯ್ತು. ಸಿಡಿ ಡ್ರೈವ್ ಇಲ್ದೆ ಗೇಮ್ ಸಿಡಿ ಹಾಕು ಅಂತ ಹಠ ಮಾಡಿದ್ರೆ ಯುಎಸ್‌ಬಿ ಸಿಡಿ ಡ್ರೈವ್ ಯಾರ್ ಹತ್ರನಾರ ಇಸ್ಕೋ.

ಆಮೇಲೆ ನಿನ್ ಡಾಟಾ ಗೋಳಿಗೆ ಒಂದ್ ಉಪಾಯ. ಮುಂದೆ ಸ್ಟೀಮ್‌ನಾಗೆ ಹೊಸ ಗೇಮ್ ತಗೊಂಡ್ರೆ ಡೌನ್‌ಲೋಡ್ ಮಾಡ್ಬ್ಯಾಡ, ಹಾಸ್ಟೆಲ್‌ನಾಗೆ ಯಾರ್ ಹತ್ರ ಆ ಗೇಮ್ ಐತೆ ಅವ್ರ ವಿಂಡೋಸ್‌ನಾಗಿಂದ ಸ್ಟೀಮ್ಆ್ಯಪ್ಸ್, ಕಾಮನ್ ಒಳಗಿನ ಆ ಗೇಮ್ ಫೋಲ್ಡರ್ ಹಾರ್ಡ್ ಡಿಸ್ಕ್‌ನಾಗೆ ಕಾಪಿ ತಗೊಂಡ್ ಹೋಗು. ನಿನ್ ಸ್ಟೀಮಿನ ಅದೇ ಜಾಗಕ್ಕೆ ಹಾಕಿ ಇನ್‌ಸ್ಟಾಲ್ ಕೊಟ್ರೆ ಇರೋ ಫೈಲ್ ಎಣಿಸ್ಕೊಂಡು ಕಮ್ಮಿ ಇರೋದಷ್ಟೇ ಇಳಿಸ್ತೈತೆ. ಗೇಮ್ ಮಾತ್ರ ನಿನ್ ಅಕೌಂಟ್‌ನಾಗೆ ಕೊಂಡಿರ್ಬೇಕು ಮತ್ತೆ.

---

ಶಕ್ತಿನಗರ_ಬಿಟ್ಟವ
ರಾತ್ರಿ 11:02

ಬಳ್ಳಾರಿ ಸಾಹೇಬ್ರು ಎರಡೇ ದಿನದಾಗ ಮತ ಬದ್ಲಿಸಿದ್ರು ನೋಡ್ರಿ. ಒಂದ್ ಮಾತು ಸೇರಿಸ್ತೀನಿ. ಕೆಲವು ಗೇಮ್‌ಗೆ ಲಿನಕ್ಸಿನ ಸ್ವಂತ ಆವೃತ್ತಿನೂ ಇರ್ತದ, ಡೋಟಾ 2, ಕೌಂಟರ್ ಸ್ಟ್ರೈಕ್ 2 ಇದ್ದಂಗ. ಅಂಥಾ ಗೇಮ್‌ನ ವಿಂಡೋಸ್ ಫೋಲ್ಡರ್ ತಂದು ಹಾಕಿದ್ರ ಸ್ಟೀಮ್ ಅದನ್ನ ಸರ್ಸಿ ಲಿನಕ್ಸ್ ಫೈಲ್ ಇಳಿಸ್ಲಿಕ್ಕ ಕುಂಡ್ರತದ, ಡಾಟಾ ಗಾಳಿಗೆ. ಇನ್‌ಸ್ಟಾಲ್ ಒತ್ತೂ ಮೊದಲ ಕಂಪ್ಯಾಟಿಬಿಲಿಟಿಯಾಗ ಪ್ರೋಟಾನ್ ಆರಿಸಿಟ್ರ ವಿಂಡೋಸ್ ಫೈಲೇ ಇಟ್ಕೊಳ್ತದ. ಆದ್ರ ಕೌಂಟರ್ ಸ್ಟ್ರೈಕ್ ಪ್ರೋಟಾನ್‌ನಾಗ ಆಡೋ ಉಸಾಬರಿ ಬ್ಯಾಡ, ಅದನ್ನ ಲಿನಕ್ಸ್‌ದೇ ಇಳಸ್ಕೋ.

---

ಕ್ಯಾಂಪ್_ಗೇಮರ್
ಐತವಾರ, ಮಧ್ಯಾಹ್ನ 3:20

ಗಂಗಾವತಿ ಅಣ್ಣಾವ್ರ ಅಂಗಡ್ಯಾಗ ಕುಂತು ಟೈಪ್ ಮಾಡ್ಲಿಕತ್ತೀನಿ. ಡಿ ಡ್ರೈವ್ ಸಣ್ಣದಾತು, ಎಕ್ಸ್ಟ್4 ಆತು, ಜಿಟಿಎ ಕಾಪಿ ಆಗ್ಲಿಕತ್ತದ, ಇನ್ನಾ 40 ನಿಮಿಷ ಅಂತ ತೋರಿಸ್ಲಿಕತ್ತದ, ಅರ್ಧ ತಾಸಿನಿಂದ 40 ನಿಮಿಷನೇ ಅದ. ನಡುವ ಒಮ್ಮಿ ಕರೆಂಟ್ ಹೋತು, ಇನ್ವರ್ಟರ್ ಕುಯ್ ಅಂತು, ನನ್ನ ಎದಿ ಧಸಕ್ಕಂತು, ಏನೂ ಆಗ್ಲಿಲ್ಲ. ಫ್ಯಾನ್ ಬಿಚ್ಚಿದ್ರ ಕಂಬಳಿ ಅಲ್ಲ ಗಾದಿನೇ ಬಂತು.

ಕ್ರಿಕೆಟ್ 07 ನಿನ್ನೇನೇ ನಡೀತು, ಟಾರ್ಗೆಟ್ ಬದ್ಲಿಸೋದು ಹೇಳಿದ್ದಕ್ಕ ಬಳ್ಳಾರಿ ಅಣ್ಣಗ ಕೈ ಮುಗೀತೀನಿ. ತಮ್ಮ ಇಪ್ಪತ್ತ್ ಓವರಿನ ಮ್ಯಾಚ್‌ನಾಗ 310 ಹೊಡ್ದ, ಎಲ್ಲಾ ಬಾಲಿಗೂ ಅದೇ ಮುಂದ ಬಂದು ಎತ್ತಿ ಹೊಡಿಯೋ ಶಾಟ್. ಈಗ ಇಬ್ಬರು ಆಡಮ, ಇನ್ನೊಂದ್ ರಿಮೋಟ್ ತಾ ಅಂತಾನ. ಯುಎಸ್‌ಬಿ ಗೇಮ್‌ಪ್ಯಾಡ್ ಅಗ್ಗದ್ದು ಮಿಂಟ್‌ಗೆ ಹತ್ತತದ ಏನು?

---

ಗಂಗಾವತಿ_ರಿಪೇರಿ
ಮಧ್ಯಾಹ್ನ 3:26

ಬಾಜೂಕ ಕುಂತಾವ ನನ್ನ ಬಾಯಿಲೇ ಕೇಳೋದು ಬಿಟ್ಟು ಇಲ್ಲಿ ಬರದಾನ ನೋಡ್ರಿ. ಹತ್ತತೈತಿ, ಎಕ್ಸ್‌ಬಾಕ್ಸ್ ನಮೂನಿದ್ದು ತಗೋ, ಡ್ರೈವರ್ ಏನೂ ಬೇಕಿಲ್ಲ, ಚುಚ್ಚಿದ್ರ ಸಾಕು. ಅಂಗಡ್ಯಾಗ ಒಂದ್ ಹಳೇದು ಐತಿ, ಎಡಗಡಿ ಕಡ್ಡಿ ಒಂದೀಟ ಬಿಗಿ ಐತಿ, ತಮ್ಮಗ ಒಯ್ಯಿ.